ಅಟ್ಟಕ್ಕೆ ಹಾಸಿದ ಫ್ಲೆಕ್ಸು

ನಮ್ಮ ಕಡೆ ಕಾಫಿ ಕುಡಿಯುವವರ ಎಡಗೈ ಯಾವಾಗಲೂ ಲೋಟದ ಮೇಲಿರುತ್ತದೆ. ಬಲಗೈಯಲ್ಲಿ ಲೋಟ, ಎಡಗೈ ಅದಕ್ಕೆ ಮುಚ್ಚಳ. ತಿಪಟೂರಿನ ಹೋಟೆಲಿನಲ್ಲಿ ಫ್ಯಾನಿನ ಕೆಳಗೆ ಕೂತಾಗಲೂ ಹೀಗೆ ಕುಡಿಯುವವರನ್ನು ಕಂಡರೆ ಅವರ ಮನೆಯಲ್ಲಿ ಅಟ್ಟವಿದೆಯೆಂದು ತಿಳಿದುಕೊಳ್ಳಬಹುದು. ಅಟ್ಟವೆಂದರೆ ಹಳೇ ಪಾತ್ರೆ, ಮುರಿದ ಕುರ್ಚಿ ಎಸೆಯುವ ಜಾಗವಲ್ಲ. ನಡುಮನೆಯ ನೆತ್ತಿಯ ಮೇಲೆ, ಸಂದು ಬಿಟ್ಟು ಜೋಡಿಸಿದ ಮರದ ದಬ್ಬೆಗಳ ಮೇಲೆ, ತೆಂಗಿನಕಾಯಿಗಳು ಸಿಪ್ಪೆ ಸಮೇತ ಹನ್ನೊಂದು ತಿಂಗಳು ಮಲಗುವ ಜಾಗ. ಒಳಗಿನ ನೀರು ತಾನಾಗಿಯೇ ಇಂಗಿ, ತಿರುಳು ಚಿಪ್ಪನ್ನು ಬಿಟ್ಟು ಉಂಡೆಯಾಗುತ್ತದೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಾಗ ಲೊಡಲೊಡ ಅಂದರೆ ಕೊಬ್ಬರಿಯಾಯಿತು ಅಂತ ಲೆಕ್ಕ. ಅಲ್ಲಿಯವರೆಗೆ ಆ ಸಂದುಗಳಿಂದ ನಾರು, ದೂಳು, ಇಲಿ ಕಡಿದ ಸಿಪ್ಪೆಯ ಪುಡಿ ಉದುರುತ್ತಲೇ ಇರುತ್ತದೆ. ಅದನ್ನು ಯಾರೂ ಕೊಳೆ ಅನ್ನುವುದಿಲ್ಲ.

ಯಾರೂ ಅಂದರೆ ನನ್ನನ್ನು ಬಿಟ್ಟು. ನಾನು ಈ ಮನೆಗೆ ಸೊಸೆಯಾಗಿ ಬಂದು ಮೂವತ್ತು ವರ್ಷವಾಯಿತು. ಸರ್ಕಾರಿ ಶಾಲೆಯ ಮೇಷ್ಟ್ರುಗಿರಿಯೂ ಹೆಚ್ಚುಕಮ್ಮಿ ಅಷ್ಟೇ ವರ್ಷದ್ದು. ಊರಿನ ಮಕ್ಕಳನ್ನೆಲ್ಲ ತಿದ್ದಿದ್ದೇನೆ ಎಂಬ ಹಮ್ಮಿನಲ್ಲಿ ಮನೆಯ ಅಟ್ಟವನ್ನೂ ತಿದ್ದಬೇಕೆಂದು ಎಷ್ಟೋ ವರ್ಷದಿಂದ ಕಾಯುತ್ತಿದ್ದೆ.

ಮಗಳನ್ನು ನೋಡಲು ಹುಳಿಯಾರು ಕಡೆಯವರು ಬಂದ ದಿನ ಅದಕ್ಕೊಂದು ಕಾರಣ ಸಿಕ್ಕಿತು. ಹುಡುಗನ ತಾಯಿ ಕಾಫಿ ಲೋಟ ಹಿಡಿದು, ಬೋರನಕಣಿವೆ ಕೆರೆಯಲ್ಲಿ ಈ ಸಲ ಎಷ್ಟು ನೀರಿದೆ ಎಂದು ನನ್ನ ಗಂಡನಿಗೆ ಹೇಳುತ್ತಿದ್ದರು. ಮಾತಿನ ಭರದಲ್ಲಿ ಎಡಗೈ ಲೋಟ ಬಿಟ್ಟು ನೀರಿನ ಮಟ್ಟ ತೋರಿಸಲು ಹೋಯಿತು. ಅಷ್ಟು ಹೊತ್ತಿಗೆ ಸರಿಯಾಗಿ ಮೇಲಿನಿಂದ ಬೆರಳುದ್ದದ ನಾರೊಂದು ಬಂದು ಕಾಫಿಯೊಳಗೆ ಬಿತ್ತು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಆಕೆ ಕಿರುಬೆರಳಿನಲ್ಲಿ ನಾರನ್ನು ಎತ್ತಿ, ಕಂಬಕ್ಕೆ ಒರೆಸಿ, ಮಾತು ನಿಲ್ಲಿಸದೆಯೇ ಉಳಿದ ಕಾಫಿ ಕುಡಿದರು. ಅವರ ಮನೆಯಲ್ಲೂ ಅಟ್ಟವಿತ್ತು. ಸಂಬಂಧ ಅವತ್ತೇ ಕುದುರಿತು. ಮಗಳ ಬಿ.ಎಡ್. ಮುಗಿದು, ಮುಂದಿನ ದೀಪಾವಳಿ ಕಳೆದ ಮೇಲೆ ಮದುವೆ ಎಂದಾಯಿತು.

ಅವರು ಹೋದ ಮೇಲೆ ನನ್ನ ಅತ್ತೆ ಒಂದೇ ಒಂದು ಮಾತು ಹೇಳಿದರು. "ಮಗಿನ ಮಡಿಲಕ್ಕಿಗೆ ಕೊಬ್ಬರಿ ನಮ್ಮ ಅಟ್ಟದ್ದೇ ಆಗ್ಬೇಕು ಕಣೇ. ಬಾವಿತಾವಿನ ಎರಡು ಮರದ್ದು ನಾನು ಬೇರೆ ಎತ್ತಿಟ್ಟಿರ್ತೀನಿ."

ಈ ಮಾತಿನ ತೂಕವನ್ನು ಬಿಡಿಸಿ ಹೇಳಬೇಕು. ಹೆಣ್ಣು ಮಗಳ ಸೆರಗಿಗೆ ಅಕ್ಕಿ, ಬೆಲ್ಲದಚ್ಚು, ಅರಿಶಿನದ ಕೊನೆ, ಕೊಬ್ಬರಿ ಗಿಟುಕು ತುಂಬುವವರು ಮುತ್ತೈದೆಯರು. ಮಾವ ಹೋಗಿ ಬಹಳ ವರ್ಷವಾಗಿದ್ದರಿಂದ ಅತ್ತೆ ಆ ಸಾಲಿನಲ್ಲಿ ನಿಲ್ಲುವುದಿಲ್ಲ. ಯಾರೂ ಬೇಡ ಅನ್ನದಿದ್ದರೂ ತಾವೇ ಬರುವುದಿಲ್ಲ. ಹುಟ್ಟಿದಾಗಿನಿಂದ ಎಣ್ಣೆ ನೀರೆರೆದು ಸಾಕಿದ ಮೊಮ್ಮಗಳ ಮದುವೆಯಲ್ಲಿ ಅವರ ಪಾಲಿಗೆ ಅಂತ ಇದ್ದದ್ದು ಆ ಕೊಬ್ಬರಿಯೊಂದೇ. ಅವರ ಕೈ ಹೋಗದ ಜಾಗಕ್ಕೆ ಅವರ ಅಟ್ಟದ ಕೊಬ್ಬರಿ ಹೋಗಬೇಕಿತ್ತು. ನನಗೆ ಇದು ಗೊತ್ತಿತ್ತು. ಗೊತ್ತಿದ್ದೂ ನಾನು ಮಾಡಿದ್ದನ್ನು ಈಗ ಬರೆಯುತ್ತಿದ್ದೇನೆ.

ಅದೇ ತಿಂಗಳು ನಮ್ಮ ಪಂಚಾಯಿತಿಯವರು ಪ್ಲಾಸ್ಟಿಕ್ ಮುಕ್ತ ಗ್ರಾಮದ ಸಮಾರಂಭ ಇಟ್ಟುಕೊಂಡರು. ಪ್ಲಾಸ್ಟಿಕ್ ಬೇಡವೆಂದು ಸಾರಲು ಊರ ಬಾಗಿಲಿನಿಂದ ಶಾಲೆಯವರೆಗೆ ಪ್ಲಾಸ್ಟಿಕ್ಕಿನ ಫ್ಲೆಕ್ಸುಗಳನ್ನು ಕಟ್ಟಿದ್ದರು. ವೇದಿಕೆಯ ಗಣ್ಯರಿಗೆ ತಲಾ ಒಂದು ನೀರಿನ ಬಾಟಲಿ, ಪ್ಲಾಸ್ಟಿಕ್ ಹೂವಿನ ಹಾರ, ಪ್ಲಾಸ್ಟಿಕ್ ಕವರಿನೊಳಗಿನ ಶಾಲು. ಆ ಗಣ್ಯರಲ್ಲಿ ನಾನೂ ಒಬ್ಬಳು. ನನಗೆ 'ಪರಿಸರ ಪ್ರೇಮಿ ಶಿಕ್ಷಕಿ' ಎಂಬ ಬಿರುದು ಕೊಟ್ಟರು. ಒಂದು ಫ್ಲೆಕ್ಸಿನ ತುಂಬ ನಾನೊಬ್ಬಳೇ ಇದ್ದೆ. ಮುಖ ಎತ್ತಿನ ಗಾಡಿಯ ಚಕ್ರದಷ್ಟಿತ್ತು.

ಬಿರುದು ಸುಮ್ಮನೆ ಬಂದದ್ದಲ್ಲ. ಖಾಲಿ ಬಾಟಲಿಗಳನ್ನು ಅರ್ಧಕ್ಕೆ ಕತ್ತರಿಸಿ, ಮಣ್ಣು ತುಂಬಿ, ಶಾಲೆಯ ಕಾಂಪೌಂಡಿಗೆ ಸಾಲಾಗಿ ನೇತುಹಾಕಿ ಹೂವಿನ ಗಿಡ ಬೆಳೆಸಿದವಳು ನಾನು. ಪ್ರತಿ ಮಗುವೂ ಐದು ಬಾಟಲಿ ತರಬೇಕೆಂದು ಹೇಳಿದ್ದೆ. ಹಳ್ಳಿಯ ಮನೆಗಳಲ್ಲಿ ಅಷ್ಟು ಬಾಟಲಿ ಎಲ್ಲಿರುತ್ತವೆ? ತಂದೆತಾಯಿಗಳು ಅಂಗಡಿಗೆ ಹೋಗಿ ಕೂಲ್‌ಡ್ರಿಂಕ್ಸ್ ಕೊಂಡು ಮಕ್ಕಳಿಗೆ ಕುಡಿಸಿ ಖಾಲಿ ಮಾಡಿಸಿ ಕಳಿಸಿದರು. ಶಾಲೆಯ ಎದುರಿನ ಅಂಗಡಿಯವನು ನನ್ನ ಪರಿಸರ ಕಾಳಜಿಯನ್ನು ಬಾಯ್ತುಂಬ ಹೊಗಳಿದ. ಹಾಲಿನ ಕವರುಗಳನ್ನು ಹೆಣೆದು ಚಾಪೆ ಮಾಡುವುದನ್ನೂ ಕಲಿಸಿದೆ. ಅದರ ಮೇಲೆ ಕೂತ ಮಕ್ಕಳು ಜಾರಿ ಜಾರಿ ಪಾಠ ಕೇಳಿದರು.

ಮನೆಯಲ್ಲಿ ಅತ್ತೆಯೂ ಇದನ್ನೆಲ್ಲ ಮಾಡುತ್ತಿದ್ದರು, ಬಿರುದಿಲ್ಲದೆ. ಗೊಬ್ಬರದ ಚೀಲ ಮೊದಲು ಹಿಂಡಿ ತುಂಬಲು, ಹರಿದ ಮೇಲೆ ಬೂದಿ ಹೊರಲು, ಇನ್ನೂ ಹರಿದರೆ ಬಚ್ಚಲ ಬಾಗಿಲಿಗೆ ಹಾಸಲು, ಕೊನೆಗೆ ಎಳೆ ಬಿಚ್ಚಿ ಅವರೆ ಚಪ್ಪರ ಕಟ್ಟಲು. ಒಡೆದ ಪ್ಲಾಸ್ಟಿಕ್ ಕೊಡದ ತಳ ಕೋಳಿಗಳಿಗೆ ನೀರಿಡಲು. ನಾನು ಅದನ್ನು ಕಸ ಅನ್ನುತ್ತಿದ್ದೆ. ಹಾಗಂತ ಅವರನ್ನು ಪರಿಸರದ ದೇವತೆ ಮಾಡುವ ಹಾಗೂ ಇಲ್ಲ. ಬೆಳಿಗ್ಗೆ ನೀರೊಲೆ ಹಚ್ಚುತ್ತಿದ್ದದ್ದು ಹಾಲಿನ ಕವರಿನಿಂದ. ಆ ಹೊಗೆ ವಿಷವೆಂದು ನಾನು ಭಾಷಣ ಮಾಡಿದರೆ "ಸರಿ ಕಣೇ" ಅನ್ನುತ್ತಿದ್ದರು. ಮಾರನೆಯ ಬೆಳಿಗ್ಗೆಯೂ ಅದೇ ವಾಸನೆಗೆ ನನಗೆ ಎಚ್ಚರವಾಗುತ್ತಿತ್ತು.

ಸಮಾರಂಭ ಮುಗಿದ ಮಾರನೆಯ ದಿನ ಪಂಚಾಯಿತಿಯ ಪಿಡಿಒ ನಮ್ಮ ಮನೆಯ ಮುಂದೆ ಟ್ರ್ಯಾಕ್ಟರ್ ನಿಲ್ಲಿಸಿದರು. ಹಿಂದೆ ಸುರುಳಿ ಸುತ್ತಿದ ಫ್ಲೆಕ್ಸುಗಳು.

"ಮೇಡಂ, ಇವನ್ನ ಸುಡಂಗಿಲ್ಲ, ಬಿಸಾಕಂಗಿಲ್ಲ. ಪಂಚಾಯ್ತಿಲಿ ಇಡಕ್ಕೆ ಜಾಗ ಇಲ್ಲ. ನೀವು ಹೆಂಗೂ ಪರಿಸರ ಪ್ರೇಮಿ. ಏನಾರ ಮಾಡ್ಕಳಿ" ಅಂದರು.

ಆಗ ನಮ್ಮ ಅಂಗಳದಲ್ಲಿ ಗುಜರಿ ಸಾಹೇಬರಿದ್ದರು. ತಿಪಟೂರಿನಿಂದ ವಾರಕ್ಕೊಮ್ಮೆ ಟಿವಿಎಸ್ ಗಾಡಿಯಲ್ಲಿ ಬರುವವರು. ಪ್ಲಾಸ್ಟಿಕ್ಕನ್ನು ಉಗುರಿನಿಂದ ಕೆರೆದು, ಬಗ್ಗಿಸಿ, ಅದರ ಸದ್ದು ಕೇಳಿ ಇದು ಯಾವ ಜಾತಿಯದು, ಎಲ್ಲಿಗೆ ಹೋಗಿ ಏನಾಗುತ್ತದೆ ಎಂದು ಹೇಳಬಲ್ಲವರು. ನಾನು ಶಾಲೆಯಲ್ಲಿ ಮರುಬಳಕೆಯ ಪಾಠ ಮಾಡುವಾಗ ಅವರನ್ನು ಕರೆಯಬೇಕು ಅಂತ ಒಂದು ದಿನವೂ ನನಗೆ ಹೊಳೆದಿರಲಿಲ್ಲ. ಅವರು ಫ್ಲೆಕ್ಸಿನ ತುದಿ ಹಿಡಿದು ಒಮ್ಮೆ ಎಳೆದು ನೋಡಿ ಕೈ ಬಿಟ್ಟರು.

"ಇದು ಬ್ಯಾಡ ಮೇಡಂ. ಒಳಗೆ ದಾರ, ಮೇಲೆ ಪ್ಲಾಸ್ಟಿಕ್. ಕರಗ್ಸಿದ್ರೆ ಅದೂ ಸಿಗಲ್ಲ, ಇದೂ ಸಿಗಲ್ಲ. ನಮ್ ಲೈನ್ನಾಗೆ ಯಾರೂ ಮುಟ್ಟಲ್ಲ."

"ಮೆದೆ ಮೇಲೆ ಹೊದಿಸ್ಬುಡು" ಅಂದರು ಅತ್ತೆ. ಊರಿನಲ್ಲಿ ಎಲ್ಲರೂ ಮಾಡುವುದು ಅದನ್ನೇ. ನಮ್ಮೂರ ಹುಲ್ಲಿನ ಮೆದೆಗಳ ಮೇಲೆ ಹುಟ್ಟುಹಬ್ಬದ ಶುಭಾಶಯ ಹೊತ್ತ ಎಷ್ಟು ಮುಖಂಡರು ಅಂಗಾತ ಮಲಗಿ ಮಳೆಯಲ್ಲಿ ನೆನೆಯುತ್ತಿದ್ದಾರೋ ಲೆಕ್ಕವಿಲ್ಲ. ಆದರೆ ಬಿರುದು ಪಡೆದ ಮರುದಿನವೇ ಎಲ್ಲರೂ ಮಾಡಿದ್ದನ್ನೇ ಮಾಡಿದರೆ ನನ್ನ ಬಿರುದಿಗೆ ಏನು ಬೆಲೆ? ನಾನು ತರಬೇತಿಯಲ್ಲಿ ಕೇಳಿ ಬಂದಿದ್ದೆ: ಕಸವನ್ನು ಹಾಗೇ ಬಳಸುವುದು ಕೆಳಗಿನ ಮೆಟ್ಟಿಲು, ಅದಕ್ಕೆ ಮೌಲ್ಯ ಸೇರಿಸುವುದು ಮೇಲಿನ ಮೆಟ್ಟಿಲು. ಮೇಲೆ ಅಂದಾಗ ನನ್ನ ಕಣ್ಣು ತಾನಾಗಿ ಅಟ್ಟದ ಕಡೆ ಹೋಯಿತು.

ಆ ವಾರವಷ್ಟೇ ಹಳೇ ಕಾಯಿ ಇಳಿಸಿ ಅಟ್ಟ ಖಾಲಿಯಾಗಿತ್ತು, ಹೊಸ ಕಾಯಿ ಏರುವುದರಲ್ಲಿತ್ತು. ಭಾನುವಾರ ಇಡೀ ದಿನ ನಾನು ಅಲ್ಲಿ ಮೊಣಕಾಲೂರಿಕೊಂಡು, ಹೆಂಚು ಹೊದಿಸಿದ ಹಾಗೆ ಒಂದರ ಅಂಚಿನ ಮೇಲೆ ಒಂದು ಬರುವಂತೆ ಫ್ಲೆಕ್ಸುಗಳನ್ನು ಹಾಸಿದೆ. ಒಂದು ಸಂದೂ ಕಾಣದ ಹಾಗೆ ವೈರಿನಿಂದ ಬಿಗಿದೆ. ನನ್ನ ಫ್ಲೆಕ್ಸನ್ನು ಗಣ್ಯರೆಲ್ಲರ ನಡುವೆ, ಮುಖ ಮೇಲಾಗಿ ಹಾಸಿದೆ. ಕೆಳಮುಖವಾಗಿ ಹಾಸಿದರೆ ನಡುಮನೆಯಲ್ಲಿ ಕೂತವರ ತಲೆಯ ಮೇಲೆ ನಾನು ಇಣುಕಿದ ಹಾಗಾಗುತ್ತದೆ ಎಂದು ಕಾರಣ ಕೊಟ್ಟುಕೊಂಡೆ.

ಅತ್ತೆ ಏಣಿಯ ಬುಡದಲ್ಲಿ ನಿಂತು ನೋಡುತ್ತಿದ್ದರು. "ಅಟ್ಟ ಉಸ್ರಾಡ್ಬೇಕು ಕಣೇ. ಸಂದು ಬುಟ್ಟಿರಾದು ಬಡಗಿಗೆ ಮರ ಸಾಲ್ದೆ ಅಲ್ಲ."

"ಅತ್ತೆ, ತೇವ ಕೆಳಗಿನಿಂದ ಬರುತ್ತೆ. ಇದು ಅದನ್ನ ತಡೆಯುತ್ತೆ. ವಿಜ್ಞಾನ ಅದು" ಅಂದೆ.

ನನ್ನ ಗಂಡ ಇಂಥ ಹೊತ್ತಿನಲ್ಲಿ ಪತ್ರಿಕೆಯನ್ನು ಬಹಳ ಗಮನವಿಟ್ಟು ಓದುತ್ತಾರೆ. ಅವತ್ತು ಜಾಹೀರಾತನ್ನೂ ಬಿಡದೆ ಓದಿದರು. ಅತ್ತೆ ಇನ್ನೊಂದು ಸಲ ಮೇಲೆ ನೋಡಿ, ಕೋಳಿ ಮುಚ್ಚಲು ಹೋದರು. ಸೋಮವಾರ ನಾನು ಶಾಲೆಗೆ ಹೋಗಿದ್ದಾಗ ಆಳುಗಳು ಬಂದು ಕಾಯಿ ಏರಿಸಿದರು. ಅತ್ತೆ ಅವತ್ತು ಮಂಡಿನೋವನ್ನೂ ಲೆಕ್ಕಿಸದೆ ಏಣಿ ಹತ್ತಿ, ಬಾವಿಯ ಹತ್ತಿರದ ಮರಗಳ ಕಾಯನ್ನು ತಾವೇ ನಿಂತು ಹಾಕಿಸಿದರಂತೆ.

ಆಮೇಲಿನ ತಿಂಗಳುಗಳು ನನ್ನ ಜೀವಮಾನದ ಹೆಮ್ಮೆಯ ತಿಂಗಳುಗಳು. ನಡುಮನೆಯಲ್ಲಿ ಒಂದು ಎಳೆ ನಾರೂ ಬೀಳಲಿಲ್ಲ. ಬಂದವರಿಗೆಲ್ಲ ಕಾಫಿ ಕೊಟ್ಟು "ಕೈ ತೆಗೀರಿ, ಏನೂ ಬೀಳಲ್ಲ" ಅನ್ನುತ್ತಿದ್ದೆ. ಅವರು ಕೈ ತೆಗೆದು, ಎರಡು ಮಾತಾಡಿ, ಮತ್ತೆ ಮುಚ್ಚಿಕೊಳ್ಳುತ್ತಿದ್ದರು. ಹೊನ್ನವಳ್ಳಿಯಿಂದ, ತುರುವೇಕೆರೆಯಿಂದ ಶಿಕ್ಷಕರು ಬಂದು ಅಟ್ಟ ನೋಡಿಕೊಂಡು ಹೋದರು. ಫೋಟೋ ತೆಗೆದು ವಾಟ್ಸಾಪ್ ಗುಂಪುಗಳಿಗೆ ಹಾಕಿದರು. ಕಾಯಿಯ ರಾಶಿಯ ಅಂಚಿನಲ್ಲಿ ಯಾವನೋ ಮುಖಂಡನ ಮುಗಿದ ಕೈಗಳಷ್ಟೇ ಕಾಣುತ್ತಿದ್ದ ಆ ಚಿತ್ರಕ್ಕೆ ಬಂದ ಚಪ್ಪಾಳೆಗಳನ್ನು ನಾನು ಆಗಾಗ ತೆಗೆದು ನೋಡುತ್ತಿದ್ದೆ.

ಮಳೆಗಾಲದಲ್ಲಿ ಫ್ಲೆಕ್ಸಿನ ಅಂಚುಗಳಿಂದ ಒಂದೊಂದು ಹನಿ ನೀರು ತೊಟ್ಟಿಕ್ಕಲು ಶುರುವಾಯಿತು. ಹೆಂಚು ಒಡೆದಿದೆಯೇ ಎಂದು ನೋಡಿಸಿದರೆ ಎಲ್ಲ ಸರಿಯಾಗಿತ್ತು. ನಾನು ಹೆದರಲಿಲ್ಲ. ಏಳನೇ ತರಗತಿಗೆ ಮಾರನೆಯ ದಿನ ಆವಿ ತಣಿದು ನೀರಾಗುವ ಪಾಠ ಮಾಡಿ, ನಮ್ಮ ಮನೆಯ ಅಟ್ಟವನ್ನೇ ಉದಾಹರಣೆ ಕೊಟ್ಟೆ. ಮಂಡಿನೋವು ಹೆಚ್ಚಾಗಿ ಅತ್ತೆಗೆ ಏಣಿ ಹತ್ತಲು ಆಗುತ್ತಿರಲಿಲ್ಲ. ಕಂಬಕ್ಕೆ ಒರಗಿ ಮೂಗು ಮೇಲೆತ್ತಿ ಗಾಳಿ ಮೂಸುತ್ತಿದ್ದರು. "ಒಂಥರಾ ವಾಸ್ನೆ ಐತೆ" ಅಂದರೆ, ನಾನು "ಹಾಲಿನ ಕವರಿಂದು" ಅನ್ನುತ್ತಿದ್ದೆ.

ಮದುವೆಗೆ ಇಪ್ಪತ್ತು ದಿನವಿದ್ದಾಗ ಅಟ್ಟದ ಕಾಯಿ ಇಳಿಸಿದೆವು. ನಾನು ರಜೆ ಹಾಕಿದ್ದೆ. ಮೊದಲ ಬುಟ್ಟಿ ಇಳಿಯಿತು. ಅತ್ತೆ ಅಂಗಳದಲ್ಲಿ ಕಾಲು ಚಾಚಿ ಕೂತು ಒಂದು ಕಾಯಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದರು. ಕೆಳಗಿಟ್ಟರು. ಇನ್ನೊಂದು ಎತ್ತಿದರು, ಅಲ್ಲಾಡಿಸಿದರು, ಕೆಳಗಿಟ್ಟರು. ನಾನೂ ಒಂದು ಎತ್ತಿಕೊಂಡೆ. ಒಳಗೆ ಏನೂ ಮಾತಾಡಲಿಲ್ಲ. ಸುಲಿಯುವವನು ಒಂದನ್ನು ಸುಲಿದು ಒಡೆದ. ಒಳಗೆ ಕೊಬ್ಬರಿಯಿರಲಿಲ್ಲ. ಬೂದು ಬಣ್ಣದ ಬೂಸ್ಟು ಹಿಡಿದು, ಕೈ ಇಟ್ಟರೆ ಅಂಟುವಂಥ ಒಂದು ಮುದ್ದೆಯಿತ್ತು. ಎರಡನೆಯದೂ ಹಾಗೇ, ಮೂರನೆಯದೂ ಹಾಗೇ. ಅಷ್ಟು ದಿನ ಹಾಲಿನ ಕವರಿನ ಮೇಲೆ ಹೊರಿಸಿದ್ದ ವಾಸನೆ ಅಂಗಳದ ತುಂಬ ಹರಡಿತು.

ಬುಟ್ಟಿಯ ಮೇಲೆ ಬುಟ್ಟಿ ಇಳಿಯಿತು. ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ವಾದ ಮಾಡಬಹುದಿತ್ತು. ಗಂಡ ಅವತ್ತು ಪತ್ರಿಕೆಯನ್ನೂ ಹಿಡಿಯದೆ ಜಗುಲಿಯ ಮೇಲೆ ಕೂತಿದ್ದರು. ಮಗಳು ಅಜ್ಜಿಯ ಪಕ್ಕ ಕುಕ್ಕರಗಾಲಿನಲ್ಲಿ ಕೂತು ಅವರ ಮುಖವನ್ನೇ ನೋಡುತ್ತಿದ್ದಳು. ನನಗೆ ನಿಜವಾಗಿ ನೋವಾಯಿತು, ನಾಚಿಕೆಯೂ ಆಯಿತು. ವರ್ಷದ ಕಾಯಿ ಹೋದದ್ದಕ್ಕಿಂತ, ಆ ಮುದುಕಿಗೆ ಇದ್ದ ಒಂದೇ ಒಂದು ಪಾಲನ್ನು ವಿಜ್ಞಾನದ ಹೆಸರಿನಲ್ಲಿ ಕೊಳೆಸಿದೆನಲ್ಲ ಅಂತ.

ಮಧ್ಯಾಹ್ನದ ಹೊತ್ತಿಗೆ ಮೇಲಿನಿಂದ ಆಳು ಕೂಗಿ ಹೇಳಿದ. "ಅಜ್ಜೀ, ನಡುಗಡೆವು ಹಗೂರ ಅವೆ."

ಆ ಬುಟ್ಟಿ ಇಳಿಯಿತು. ಅತ್ತೆ ಒಂದನ್ನು ಅಲ್ಲಾಡಿಸಿ ನನ್ನ ಕೈಗೆ ಕೊಟ್ಟರು. ಕಿವಿಗೆ ಹಿಡಿದೆ. ಲೊಡಲೊಡ ಅಂದಿತು. ಒಡೆಸಿದರೆ ಒಳಗೆ ಕೆಂಗಂದು ಸಿಪ್ಪೆಯ, ದುಂಡನೆಯ, ಒಂದೂ ಸುಕ್ಕಿಲ್ಲದ ಉಂಡೆ ಕೊಬ್ಬರಿ. ಅಂಥವು ಎರಡೇ ಬುಟ್ಟಿ ಸಿಕ್ಕವು, ಎಲ್ಲವೂ ಅಟ್ಟದ ನಟ್ಟನಡುವಿನವು.

ನಾನು ಏಣಿ ಹತ್ತಿದೆ. ಕಾಯಿ ತೆಗೆದ ಮೇಲೆ ಫ್ಲೆಕ್ಸುಗಳೆಲ್ಲ ಒದ್ದೆಯಾಗಿ ಮಿರುಗುತ್ತಿದ್ದವು. ಗಣ್ಯರೆಲ್ಲ ಬೂಸ್ಟು ಹಿಡಿದು ನಗುತ್ತಿದ್ದರು. ನಡುವಿನ ನನ್ನ ಫ್ಲೆಕ್ಸಿನಲ್ಲಿ 'ಪರಿಸರ ಪ್ರೇಮಿ ಶಿಕ್ಷಕಿ' ಎಂಬ ಅಕ್ಷರಗಳಿದ್ದವು, ಸೀರೆಯ ಸೆರಗಿತ್ತು, ಮುಖವಿರಲಿಲ್ಲ. ಅದರ ಜಾಗದಲ್ಲಿ ಗಾಡಿಯ ಚಕ್ರದಷ್ಟು ದೊಡ್ಡ ತೂತು. ಕುಡುಗೋಲಿನಲ್ಲಿ ನೀಟಾಗಿ ಕೊಯ್ದದ್ದು. ತೂತಿನಲ್ಲಿ ದಬ್ಬೆಗಳು, ದಬ್ಬೆಗಳ ಸಂದಿನಲ್ಲಿ ಕೆಳಗಿನ ನಡುಮನೆ ಕಾಣುತ್ತಿತ್ತು. ಹನ್ನೊಂದು ತಿಂಗಳು ಅಲ್ಲಿಂದ ಉದುರಿದ ದೂಳೆಲ್ಲ ಎಲ್ಲಿ ಹೋಯಿತು ಎಂದು ನೋಡಿದರೆ, ಸರಿಯಾಗಿ ಅದರ ಕೆಳಗೆ ಅತ್ತೆ ತಮ್ಮ ಬಟ್ಟೆಯ ಪೆಟ್ಟಿಗೆ ಸರಿಸಿ ಇಟ್ಟಿದ್ದರು. ದಿನಾ ಬೆಳಿಗ್ಗೆ ಅವರು ಅದನ್ನು ಒರೆಸುತ್ತಿದ್ದದ್ದು ಆಗ ನೆನಪಿಗೆ ಬಂತು.

ಕೆಳಗಿಳಿದು ಕೇಳಿದೆ. "ಅತ್ತೆ, ಅಲ್ಲಿ ಯಾಕೆ ಕೊಯ್ದಿದ್ರಿ?"

"ನಿನ್ನ ಮುಖ ಇತ್ತಲ್ಲೇ ಅಲ್ಲಿ" ಅಂದರು. "ಮನೆ ಸೊಸೆ ಮುಖದ ಮೇಲೆ ಕಾಯಿ ಸುರಿಯಕ್ಕೆ ಆಯ್ತದಾ? ಆಳುಗಳು ತುಳ್ಕಂಡು ಓಡಾಡವ್ರು. ನಂಗೆ ಮನಸಾಗ್ಲಿಲ್ಲ, ಕುಯ್ದು ತೆಗ್ದೆ. ಬಾವಿತಾವಿನ ಕಾಯಿ ಅಲ್ಲಿಗೇ ಹಾಕ್ಸಿದೆ."

"ಮತ್ತೆ ಉಳಿದದ್ದು?"

"ನೀನು ಓದಿದೋಳು. ನಿಂದೂ ಒಂದು ಸತಿ ನೋಡನ ಅಂತ ಬುಟ್ಟೆ."

ಕೊಯ್ದ ಮುಖವನ್ನು ಏನು ಮಾಡಿದರು ಎಂದು ಕೇಳಬೇಕಾಗಲಿಲ್ಲ. ಮಗಳು ಎದ್ದು ಹೋಗಿ ಅಜ್ಜಿಯ ಪೆಟ್ಟಿಗೆ ತೆರೆದು ತೋರಿಸಿದಳು. ತಳಕ್ಕೆ ಹಾಸಿ, ಅದರ ಮೇಲೆ ಬಿಳಿ ಪಂಚೆ ಮಡಿಸಿಟ್ಟು, ಅದರ ಮೇಲೆ ಅವರ ಮದುವೆಯ ಸೀರೆ ಇಟ್ಟಿದ್ದರು. ನನ್ನ ಮುಖಕ್ಕೆ ಬಿರುದಿನ ದಿನವೂ ಅಷ್ಟು ಮರ್ಯಾದೆ ಸಿಕ್ಕಿರಲಿಲ್ಲ. ಇದೆಲ್ಲ ಮಗಳಿಗೆ ಮೊದಲಿನಿಂದಲೂ ಗೊತ್ತಿತ್ತು.

ಮದುವೆಗೆ ಬಂದ ಹೆಂಗಸರಿಗೆಲ್ಲ ಕೊಡುವ ಗಿಟುಕನ್ನು ತಿಪಟೂರಿನಿಂದ ಕೊಂಡು ತಂದೆವು. ತೆಂಗಿನ ತೋಟದವರು ಕೊಬ್ಬರಿ ಕೊಳ್ಳಲು ಬಂದಿದ್ದಾರೆಂದು ಅಂಗಡಿಯವರು ನನ್ನ ಗಂಡನ ಮುಖವನ್ನು ಎರಡೆರಡು ಸಲ ನೋಡಿದರಂತೆ. ಆ ಎರಡು ಬುಟ್ಟಿಯದನ್ನು ಅತ್ತೆ ಯಾರಿಗೂ ಮುಟ್ಟಗೊಡಲಿಲ್ಲ. ನಾನು ಮರೆತು ಒಂದು ಪ್ಲಾಸ್ಟಿಕ್ ಕವರು ತಂದು ತುಂಬಲು ಹೋದೆ. ಅವರು ಕವರನ್ನೇ ನೋಡಿದರು, ನಾನು ಒಳಗೆ ಹೋಗಿ ಬಟ್ಟೆಯ ಚೀಲ ತಂದೆ.

ಮದುವೆಗೆ ನಾಲ್ಕು ದಿನವಿದ್ದಾಗ ಗಂಡ ತಲೆ ಕೆರೆದುಕೊಂಡು ಬಂದರು. ಎಲ್ಲರೂ ಛತ್ರದ ಬಾಗಿಲಿಗೆ ಗಂಡು ಹೆಣ್ಣಿನ ಫೋಟೋ ಇರುವ ಫ್ಲೆಕ್ಸ್ ಹಾಕಿಸುತ್ತಾರೆ, ನಾವೂ ಒಂದು ಹಾಕಿಸೋಣವೇ ಎಂದು ಕೇಳಿದರು. ಅತ್ತೆ ಅಡಿಕೆ ಕತ್ತರಿಸುತ್ತಲೇ ಹೇಳಿದರು.

"ಹಾಕ್ಸಪ್ಪ. ಮದ್ವೆ ಆದ ಮಾರನೇ ದಿನ ನನ್ನ ಮೊಮ್ಮಗಳ ಮುಖನ ಎಲ್ಲಿ ಹಾಸ್ತೀಯ, ಅದನ್ನ ಈಗ್ಲೇ ಹೇಳ್ಬುಟ್ಟು ಹಾಕ್ಸು."

ಬಾಗಿಲಿಗೆ ಬಾಳೆಕಂದು, ತೆಂಗಿನ ಗರಿ ಕಟ್ಟಿಸಿದೆವು. ಎರಡು ದಿನಕ್ಕೆ ಬಾಡಿದವು, ಮೂರನೇ ದಿನ ಹಸುಗಳು ತಿಂದವು.

ಮಡಿಲಕ್ಕಿಯ ಹೊತ್ತಿಗೆ ಅತ್ತೆ ಎಂದಿನಂತೆ ಊಟದ ಮನೆಯ ಬಾಗಿಲ ಹತ್ತಿರ ನಿಂತಿದ್ದರು. ನಾನು ಹೋಗಿ ಕರೆದೆ. "ನಡಿಯೇ, ಅಲ್ಲಿ ನಿನ್ನ ಕೆಲಸ ನೋಡು" ಎಂದು ಕಳಿಸಿದರು. ನಾನೇ ಮೊದಲ ಗಿಟುಕನ್ನು ಮಗಳ ಸೆರಗಿಗೆ ಹಾಕಿದೆ. ಅವಳು ಅದನ್ನು ಎತ್ತಿ ಒಮ್ಮೆ ಮೂಸಿ, ತಲೆಗಳ ನಡುವಿನಿಂದ ಬಾಗಿಲ ಕಡೆ ನೋಡಿದಳು. ಅತ್ತೆ ತಲೆಯಾಡಿಸಿ, ಎಲೆ ಹಾಕುವವರನ್ನು ಗದರಲು ಒಳಗೆ ಹೋದರು.

ಹಾಗೆ ಅವರ ಪಾಲು ಹುಳಿಯಾರಿಗೆ ಹೋಯಿತು. ನನ್ನ ಪಾಲು ಇನ್ನೂ ಹಿತ್ತಲಿನಲ್ಲಿ ಸುರುಳಿ ಸುತ್ತಿ ಬಿದ್ದಿದೆ. ಗುಜರಿ ಸಾಹೇಬರು ವಾರಕ್ಕೊಮ್ಮೆ ಬಂದು ಅದನ್ನು ನೋಡಿ, ಪಕ್ಕದಲ್ಲಿದ್ದ ಒಡೆದ ಬಕೆಟ್ಟು ಎತ್ತಿಕೊಂಡು ಹೋಗುತ್ತಾರೆ. ಅವರಿಗೆ ಕಾಫಿ ಕೊಡುತ್ತೇನೆ. ನಡುಮನೆಯಲ್ಲಿ ಕೂತು, ಲೋಟದ ಮೇಲೆ ಕೈ ಮುಚ್ಚಿಕೊಂಡು ಕುಡಿಯುತ್ತಾರೆ. ಈಗ ನಾನೂ ಹಾಗೇ ಕುಡಿಯುತ್ತೇನೆ.